ನೂರು ವರ್ಷ ಕಾಪಾಡಿದ ಅಮಾನತ್: ಹಝ್ರತ್ ಅನಸ್ ಬಿನ್ ಮಾಲಿಕ್(ರ) ಮತ್ತು ಅವರ ಮನೆತನ

ಹಿಜರಿ 93, ಅಂದರೆ ಕ್ರಿ.ಶ. 712ರ ಆಸುಪಾಸು. ಇರಾಕಿನ ಬಸರಾದಲ್ಲಿ ನೂರು ದಾಟಿದ ಹಿರಿಯರೊಬ್ಬರು ಇಹಲೋಕ ತ್ಯಜಿಸಿದರು. ಮರಣದ ವರ್ಷ 91 ಅಥವಾ 92 ಎಂದು ಹೇಳುವ ಇತಿಹಾಸಕಾರರೂ ಇದ್ದಾರೆ. ಆದರೆ ಒಂದು ವಿಷಯದಲ್ಲಿ ಎಲ್ಲರೂ ಒಮ್ಮತದಲ್ಲಿದ್ದಾರೆ: ಪ್ರವಾದಿ ಮುಹಮ್ಮದ್(ಸ)ರ ಸಹಾಬಿಗಳ ಪೈಕಿ ಬಸರಾದಲ್ಲಿ ಕೊನೆಯದಾಗಿ ಮರಣಹೊಂದಿದವರು ಅವರೇ. ಆ ದಿನ ಬಸರಾದ ತಾಬಿಈ ವಿದ್ವಾಂಸ ಮುವರ್ರಿಕ್ ಅಲ್ ಇಜ್ಲೀಯವರು ಜ್ಞಾನದ ಅರ್ಧ ಭಾಗವೇ ಇಂದು ಹೊರಟುಹೋಯಿತೆಂದು ದುಃಖಿಸಿದರು. ಅದು ಹೇಗೆಂದು ಜನರು ಕೇಳಿದಾಗ ಅವರು ಕೊಟ್ಟ ವಿವರಣೆ ಸರಳವಾಗಿತ್ತು. ಹದೀಸಿನ ವಿಷಯದಲ್ಲಿ ಯಾರಾದರೂ ಮನಬಂದಂತೆ ವಾದಿಸಿದರೆ, ಅದನ್ನು ಪ್ರವಾದಿ(ಸ)ರ ಬಾಯಿಂದಲೇ ಕೇಳಿದವರ ಬಳಿಗೆ ಹೋಗೋಣ ಬನ್ನಿ ಎಂದು ಕರೆಯಲು ಅಷ್ಟು ದಿನ ಒಬ್ಬರಿದ್ದರು. ಇನ್ನು ಮುಂದೆ ಹಾಗೆ ಕರೆಯಲು ಯಾರೂ ಇಲ್ಲ.

ಆ ಹಿರಿಯರು ಹಝ್ರತ್ ಅನಸ್ ಬಿನ್ ಮಾಲಿಕ್(ರ).

ನಮ್ಮ ಜಮಾಅತಿನಲ್ಲಿ ತುಂಬು ಜೀವನ ನಡೆಸಿದ ಹಿರಿಯರೊಬ್ಬರು ತೀರಿಕೊಂಡಾಗ ಜನಾಝಕ್ಕೆ ಬಂದವರು ಸಾಮಾನ್ಯವಾಗಿ ಕೆಲವು ಪ್ರಶ್ನೆಗಳನ್ನು ಕೇಳುತ್ತಾರೆ. ವಯಸ್ಸೆಷ್ಟಾಗಿತ್ತು? ಮಕ್ಕಳೆಷ್ಟು, ಮೊಮ್ಮಕ್ಕಳೆಷ್ಟು? ತೋಟ, ಮನೆ ಯಾರ ಪಾಲಿಗೆ? ಈ ಲೆಕ್ಕದಲ್ಲಿಯೂ ಅನಸ್(ರ) ಯಾರಿಗೂ ಕಡಿಮೆಯಿರಲಿಲ್ಲ. ಆದರೆ ಅವರ ಬದುಕನ್ನು ಓದುತ್ತಾ ಹೋದಂತೆ ಮತ್ತೊಂದು ಪ್ರಶ್ನೆ ಎದುರಾಗುತ್ತದೆ. ಈ ಹಿರಿಯರ ಕೈಗೆ ಅಲ್ಲಾಹನು ಏನನ್ನು ಒಪ್ಪಿಸಿದ್ದನು, ಅದನ್ನು ಅವರು ಹೇಗೆ ಕಾಪಾಡಿದರು, ಮನೆಯವರು ಅದನ್ನು ಹೇಗೆ ಪಡೆದುಕೊಂಡರು? ಈ ಲೇಖನದ ವಿಷಯ ಇದೇ.

ತಾಯಿ ಒಪ್ಪಿಸಿದ ಮಗ

ಅನಸ್(ರ) ಮದೀನಾದ ಖಝ್ರಜ್ ಗೋತ್ರದ ಬನೂ ನಜ್ಜಾರ್ ಕುಟುಂಬದವರು. ತಾಯಿ ಉಮ್ಮು ಸುಲೈಮ್(ರ). ಅನ್ಸಾರ್ ಮಹಿಳೆಯರಲ್ಲಿ ಬಹಳ ಮೊದಲೇ ಇಸ್ಲಾಮ್ ಸ್ವೀಕರಿಸಿದವರಲ್ಲಿ ಅವರೂ ಒಬ್ಬರು. ಪತಿ ಮಾಲಿಕ್‌ಗೆ ಇದು ಹಿಡಿಸಲಿಲ್ಲ. ಆತ ಸಿಟ್ಟಿನಿಂದ ಶಾಮ್ ದೇಶದ ಕಡೆ ಹೊರಟುಹೋಗಿ ಅಲ್ಲೇ ಮೃತಪಟ್ಟ. ಹೀಗೆ ಚಿಕ್ಕಂದಿನಲ್ಲೇ ತಂದೆಯಿಲ್ಲದವನಾದ ಮಗನನ್ನು ತಾಯಿಯೇ ಸಾಕಿದರು. ಮುಂದೆ ಅಬೂ ತಲ್ಹಾ ಅವರು ವಿವಾಹ ಪ್ರಸ್ತಾಪ ತಂದಾಗ ಉಮ್ಮು ಸುಲೈಮ್ ಚಿನ್ನ, ಬೆಳ್ಳಿ ಯಾವುದನ್ನೂ ಕೇಳಲಿಲ್ಲ. ಇಸ್ಲಾಮ್ ಸ್ವೀಕರಿಸಿದರೆ ಅದೇ ತನ್ನ ಮಹ್ರ್ ಎಂದರು. ಅಬೂ ತಲ್ಹಾ ಇಸ್ಲಾಮ್ ಸ್ವೀಕರಿಸಿದರು. ಅನಸ್ ಬೆಳೆದದ್ದು ಇಂತಹ ಮನೆಯಲ್ಲಿ.

ಕ್ರಿ.ಶ. 622ರಲ್ಲಿ ಪ್ರವಾದಿ(ಸ) ಹಿಜ್ರತ್ ಮಾಡಿ ಮದೀನಾಕ್ಕೆ ಬಂದಾಗ ಅನಸ್‌ಗೆ ಹತ್ತು ವರ್ಷ. ಅನ್ಸಾರರು ತಮ್ಮ ತಮ್ಮ ಶಕ್ತಿಯಂತೆ ಉಡುಗೊರೆಗಳನ್ನು ತಂದರು. ಉಮ್ಮು ಸುಲೈಮ್ ತಂದದ್ದು ತನ್ನ ಮಗನನ್ನು. ಓದು ಬರಹ ಬಲ್ಲ ಈ ಹುಡುಗ ನಿಮ್ಮ ಸೇವೆಗಿರಲಿ ಎಂದು ಒಪ್ಪಿಸಿದರು. ಅಂದಿನಿಂದ ಪ್ರವಾದಿ(ಸ)ರ ಮರಣದವರೆಗೆ ಹತ್ತು ವರ್ಷ ಅನಸ್ ಅವರ ಸೇವೆ ಮಾಡಿದರು.

ಆ ಹತ್ತು ವರ್ಷಗಳ ಬಗ್ಗೆ ಅನಸ್(ರ) ವೃದ್ಧಾಪ್ಯದಲ್ಲಿ ನೀಡಿದ ಸಾಕ್ಷ್ಯ ಪ್ರಸಿದ್ಧವಾಗಿದೆ. ಪ್ರವಾದಿ(ಸ) ಒಮ್ಮೆಯೂ ಅವರ ಮೇಲೆ ಬೇಸರದ ಉದ್ಗಾರ ತೆಗೆಯಲಿಲ್ಲ. ಮಾಡಿದ ಕೆಲಸವನ್ನು ಏಕೆ ಮಾಡಿದೆ ಎಂದಾಗಲಿ, ಬಿಟ್ಟ ಕೆಲಸವನ್ನು ಏಕೆ ಬಿಟ್ಟೆ ಎಂದಾಗಲಿ ಕೇಳಲಿಲ್ಲ. ಹಾಗೆಂದು ಹುಡುಗ ತಪ್ಪೇ ಮಾಡುತ್ತಿರಲಿಲ್ಲವೆಂದಲ್ಲ. ಒಂದು ದಿನ ಪ್ರವಾದಿ(ಸ) ಒಂದು ಕೆಲಸಕ್ಕೆ ಹೋಗಿ ಬಾ ಎಂದಾಗ ಅನಸ್ ಹುಡುಗಾಟಿಕೆಯಿಂದ ಹೋಗುವುದಿಲ್ಲ ಎಂದುಬಿಟ್ಟರು. ಮನಸ್ಸಿನಲ್ಲಿ ಹೋಗಬೇಕೆಂದೇ ಇತ್ತು. ಹೊರಗೆ ಬಂದಾಗ ಬೀದಿಯಲ್ಲಿ ಮಕ್ಕಳು ಆಡುತ್ತಿದ್ದರು, ಅಲ್ಲೇ ನಿಂತರು. ಸ್ವಲ್ಪ ಹೊತ್ತಿನಲ್ಲಿ ಹಿಂದಿನಿಂದ ಯಾರೋ ಕತ್ತಿನ ಹಿಂಭಾಗವನ್ನು ಹಿಡಿದಂತಾಯಿತು. ತಿರುಗಿ ನೋಡಿದರೆ ಪ್ರವಾದಿ(ಸ) ನಗುತ್ತಾ ನಿಂತಿದ್ದರು. ಪ್ರೀತಿಯಿಂದ ಉನೈಸ್ ಎಂದು ಕರೆದು, ಹೇಳಿದ ಕಡೆಗೆ ಹೋದೆಯಾ ಎಂದು ವಿಚಾರಿಸಿದರು. ಇದೋ ಹೊರಟೆ ಎಂದು ಅನಸ್ ಓಡಿದರು.

ಪ್ರವಾದಿ(ಸ) ಅವರನ್ನು ಮಗನೇ ಎಂದೂ ಕರೆಯುತ್ತಿದ್ದರು. ಎರಡು ಕಿವಿಯವನೇ ಎಂದು ತಮಾಷೆಯನ್ನೂ ಮಾಡುತ್ತಿದ್ದರು. ತಂದೆಯಿಲ್ಲದೆ ಬೆಳೆದ ಹುಡುಗನಿಗೆ ತಂದೆತನದ ಪಾಠ ಸಿಕ್ಕಿದ್ದು ಇಲ್ಲಿ. ಮುಂದೆ ನೂರಾರು ಮಕ್ಕಳು, ಮೊಮ್ಮಕ್ಕಳ ಯಜಮಾನರಾದಾಗ ಅನಸ್(ರ) ಬಳಸಿದ್ದು ಇದೇ ಪಾಠವನ್ನು.

ಹೇಳದೆ ಉಳಿಸಿದ ಒಂದು ಗುಟ್ಟು

ಒಂದು ದಿನ ಅನಸ್ ಮನೆಗೆ ತಡವಾಗಿ ಬಂದರು. ತಾಯಿ ಕಾರಣ ಕೇಳಿದರು. ಪ್ರವಾದಿ(ಸ) ಒಂದು ಕೆಲಸಕ್ಕೆ ಕಳಿಸಿದ್ದರು ಎಂದರು. ಏನು ಕೆಲಸ ಎಂದಾಗ, ಅದು ಗುಟ್ಟು ಎಂದರು. ಬೇರೆ ತಾಯಿಯಾಗಿದ್ದರೆ ನನ್ನಿಂದಲೂ ಮುಚ್ಚಿಡುತ್ತೀಯಾ ಎಂದು ಗದರುತ್ತಿದ್ದರೇನೋ. ಉಮ್ಮು ಸುಲೈಮ್ ಹಾಗೆ ಮಾಡಲಿಲ್ಲ. ಅಲ್ಲಾಹನ ಸಂದೇಶವಾಹಕರ ಗುಟ್ಟನ್ನು ಯಾರಿಗೂ ಹೇಳಬಾರದು ಎಂದು ಮಗನಿಗೆ ತಾಕೀತು ಮಾಡಿದರು.

ಎಷ್ಟೋ ದಶಕಗಳ ನಂತರ ಅನಸ್(ರ) ತಮ್ಮ ಆಪ್ತ ಶಿಷ್ಯ ಸಾಬಿತ್ ಅಲ್ ಬುನಾನೀಯವರಿಗೆ ಈ ಘಟನೆಯನ್ನು ತಿಳಿಸಿದರು. ಯಾರಿಗಾದರೂ ಹೇಳುವುದಿದ್ದರೆ ಸಾಬಿತ್‌ಗೇ ಹೇಳುತ್ತಿದ್ದೆ ಎಂದರು. ಆದರೆ ಹೇಳಲಿಲ್ಲ. ಆ ಕೆಲಸವೇನೆಂದು ಇಂದಿಗೂ ಯಾರಿಗೂ ಗೊತ್ತಿಲ್ಲ.

ಓದುಗರೇ, ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಹದೀಸ್ ವಿದ್ವಾಂಸರ ಲೆಕ್ಕದಂತೆ ಅನಸ್(ರ)ರಿಂದ ವರದಿಯಾದ ಹದೀಸ್‌ಗಳು 2,286. ಅಬೂ ಹುರೈರಾ(ರ) ಮತ್ತು ಅಬ್ದುಲ್ಲಾ ಬಿನ್ ಉಮರ್(ರ)ರನ್ನು ಬಿಟ್ಟರೆ ಇಷ್ಟೊಂದು ಹದೀಸ್‌ಗಳನ್ನು ತಲುಪಿಸಿದವರು ಮತ್ತೊಬ್ಬರಿಲ್ಲ. ಪ್ರವಾದಿ(ಸ) ಹೇಗೆ ನಗುತ್ತಿದ್ದರು, ತಟ್ಟೆಯಲ್ಲಿ ಸೋರೆಕಾಯಿಯ ಹೋಳುಗಳನ್ನು ಹೇಗೆ ಹುಡುಕಿ ತಿನ್ನುತ್ತಿದ್ದರು ಎಂಬಷ್ಟು ಚಿಕ್ಕ ವಿಷಯವನ್ನೂ ಅವರು ಬಿಡಲಿಲ್ಲ. ಅಂದಿನಿಂದ ಸೋರೆಕಾಯಿ ತನಗೂ ಪ್ರಿಯವಾಯಿತು ಎಂದೂ ಸೇರಿಸಿದರು. ಇಷ್ಟೆಲ್ಲ ಹೇಳಿದವರು ಒಂದೇ ಒಂದು ವಿಷಯವನ್ನು ಹೇಳದೆ ಹೊರಟುಹೋದರು. ಹೇಳಬೇಕಾದುದನ್ನು ಹೇಳುವುದು, ಹೇಳಬಾರದುದನ್ನು ಹೇಳದಿರುವುದು, ಎರಡೂ ಅಮಾನತ್. ಹೇಳುವಾಗಲೂ ಅವರಿಗೆ ಭಯವಿತ್ತು. ಹದೀಸ್ ಹೇಳಿ ಮುಗಿಸಿದ ಮೇಲೆ, ಅಥವಾ ಪ್ರವಾದಿ(ಸ) ಹೇಳಿದ ಹಾಗೆ ಎಂದು ಸೇರಿಸುತ್ತಿದ್ದರು. ಒಂದು ಪದ ಅತ್ತಿತ್ತ ಆಗಿರಬಹುದೆಂಬ ಎಚ್ಚರಿಕೆ ಅದು.

ಬಸರಾದ ಯಜಮಾನ

ಒಮ್ಮೆ ಪ್ರವಾದಿ(ಸ) ಉಮ್ಮು ಸುಲೈಮ್‌ರ ಮನೆಗೆ ಬಂದರು. ಅವರು ಖರ್ಜೂರ, ತುಪ್ಪ ತಂದಿಟ್ಟರು. ಪ್ರವಾದಿ(ಸ)ರಿಗೆ ಉಪವಾಸವಿತ್ತು. ಅವೆರಡನ್ನೂ ತಂದ ಪಾತ್ರೆಗೇ ಹಿಂದಿರುಗಿಸುವಂತೆ ಹೇಳಿ, ಮನೆಯ ಮೂಲೆಯೊಂದರಲ್ಲಿ ನಫಿಲ್ ನಮಾಝ್ ನಿರ್ವಹಿಸಿ ಮನೆಯವರಿಗಾಗಿ ದುಆ ಮಾಡಿದರು. ಆಗ ತಾಯಿ, ತನಗೊಂದು ವಿಶೇಷ ಕೋರಿಕೆಯಿದೆ, ನಿಮ್ಮ ಈ ಚಿಕ್ಕ ಸೇವಕ ಅನಸ್‌ಗಾಗಿ ದುಆ ಮಾಡಿ ಎಂದರು. ಪ್ರವಾದಿ(ಸ) ಇಹಪರಗಳ ಒಳಿತನ್ನೆಲ್ಲ ಬೇಡಿದರು. ಸಂಪತ್ತು, ಸಂತಾನ, ಅವುಗಳಲ್ಲಿ ಬರಕತ್ ಬೇಡಿದರು. ಮತ್ತೊಂದು ವರದಿಯಲ್ಲಿ ದೀರ್ಘಾಯುಷ್ಯದ ಪ್ರಾರ್ಥನೆಯೂ ಇದೆ.

ಆ ದುಆದ ಫಲವನ್ನು ಬಸರಾ ಕಂಡಿತು. ಉಮರ್(ರ)ರ ಕಾಲದಲ್ಲಿ ಹೊಸದಾಗಿ ನಿರ್ಮಾಣವಾದ ಆ ನಗರಕ್ಕೆ ಅನಸ್(ರ) ಬಂದು ನೆಲೆಸಿದರು. ನಗರದಿಂದ ಕೆಲವು ಮೈಲು ದೂರದ ಝಾವಿಯಾ ಎಂಬಲ್ಲಿ ಅವರ ಮನೆ, ಜಮೀನು ಇತ್ತು. ಅವರ ತೋಟ ವರ್ಷಕ್ಕೆ ಎರಡು ಬಾರಿ ಫಲ ಕೊಡುತ್ತಿತ್ತೆಂದು ತಿರ್ಮಿದಿಯ ವರದಿಯಲ್ಲಿದೆ. ಅನ್ಸಾರರಲ್ಲಿ ಅತಿ ಶ್ರೀಮಂತರ ಸಾಲಿಗೆ ತಾನು ಸೇರಿದ್ದೇನೆಂದು ಅವರೇ ಹೇಳಿದ್ದಾರೆ. ಮಕ್ಕಳು, ಮೊಮ್ಮಕ್ಕಳು ಸೇರಿ ಸುಮಾರು ನೂರು ಮಂದಿ ಇರುವ ಕಾಲವನ್ನೂ ಅವರು ಕಂಡರು.

ಇಂತಹ ದೊಡ್ಡ ಮನೆಯನ್ನು ಅವರು ಹೇಗೆ ನಡೆಸಿದರು? ಗ್ರಂಥಗಳಲ್ಲಿ ಅಲ್ಲೊಂದು ಇಲ್ಲೊಂದು ಚಿತ್ರಗಳು ಸಿಗುತ್ತವೆ. ಕುರ್‌ಆನ್ ಖತ್ಮ್ ಮಾಡಿದಾಗ ಮಡದಿ ಮಕ್ಕಳನ್ನೆಲ್ಲ ಒಟ್ಟುಗೂಡಿಸಿ ದುಆ ಮಾಡುತ್ತಿದ್ದರು. ನಗರದ ಈದ್ ನಮಾಝಿಗೆ ಹೋಗಲಾಗದಿದ್ದರೆ ಝಾವಿಯಾದಲ್ಲೇ ಮನೆಮಂದಿಯನ್ನು ಸೇರಿಸಿ, ನಗರದವರಂತೆಯೇ ತಕ್ಬೀರ್‌ಗಳೊಂದಿಗೆ ಈದ್ ನಮಾಝ್ ನಡೆಸುವ ಏರ್ಪಾಡು ಮಾಡುತ್ತಿದ್ದರು. ಅದಕ್ಕೆ ಇಮಾಮರಾಗಿ ನಿಲ್ಲಿಸುತ್ತಿದ್ದುದು ಗುಲಾಮಗಿರಿಯಿಂದ ಬಿಡುಗಡೆಗೊಂಡ ವ್ಯಕ್ತಿಯೊಬ್ಬರನ್ನು. ದಾರಿಯಲ್ಲಿ ಆಡುವ ಮಕ್ಕಳನ್ನು ಕಂಡರೆ ತಾವೇ ಮೊದಲು ಸಲಾಮ್ ಹೇಳಿ, ಪ್ರವಾದಿ(ಸ) ಹೀಗೆಯೇ ಮಾಡುತ್ತಿದ್ದರು ಎನ್ನುತ್ತಿದ್ದರು. ಒಂದು ಕಾಲದಲ್ಲಿ ಬೀದಿಯಲ್ಲಿ ಆಟಕ್ಕೆ ನಿಂತಿದ್ದ ಹುಡುಗ ಈಗ ಬೀದಿಯ ಮಕ್ಕಳಿಗೆ ಸಲಾಮ್ ಹೇಳುವ ಅಜ್ಜನಾಗಿದ್ದರು.

ಮಗಳನ್ನು ತಿದ್ದಿದ ಪ್ರಸಂಗವೂ ಬುಖಾರಿಯಲ್ಲಿದೆ. ಮಹಿಳೆಯೊಬ್ಬರು ಪ್ರವಾದಿ(ಸ)ರ ಬಳಿ ಬಂದು ತಾವೇ ವಿವಾಹ ಪ್ರಸ್ತಾಪ ಮಾಡಿದ ಘಟನೆಯನ್ನು ಅನಸ್ ಹೇಳುತ್ತಿದ್ದರು. ಕೇಳಿದ ಮಗಳು, ಎಂತಹ ನಾಚಿಕೆಯಿಲ್ಲದ ಹೆಂಗಸು ಎಂದಳು. ಅವರು ನಿನಗಿಂತ ಉತ್ತಮರು, ಪ್ರವಾದಿ(ಸ)ರ ಮೇಲಿನ ಪ್ರೀತಿಯಿಂದ ಹಾಗೆ ಮಾಡಿದರು ಎಂದು ಅನಸ್(ರ) ಕೂಡಲೇ ತಿದ್ದಿದರು. ಗೈರುಹಾಜರಿಯಲ್ಲಿರುವವರ ಗೌರವವನ್ನು ಕಾಪಾಡುವುದು ಮನೆಯೊಳಗೆ, ಮಾತಿನ ನಡುವೆ ಕಲಿಸಬೇಕಾದ ಪಾಠ.

ಯಜಮಾನರೂ ತಿದ್ದಿಕೊಂಡರು

ಹಿರಿಯರನ್ನು ಸ್ಮರಿಸುವಾಗ ಅವರಲ್ಲಿ ಕೊರತೆಯೇ ಇರಲಿಲ್ಲವೆಂಬಂತೆ ಮಾತಾಡುವ ರೂಢಿ ನಮ್ಮಲ್ಲಿದೆ. ಹದೀಸ್ ಗ್ರಂಥಗಳು ಹಾಗೆ ಮಾಡುವುದಿಲ್ಲ. ಅನಸ್(ರ)ರ ಬಳಿ ಸೀರೀನ್ ಎಂಬ ಗುಲಾಮರಿದ್ದರು. ಇರಾಕಿನ ಐನುತ್ತಮ್ರ್‌ನಲ್ಲಿ ಸೆರೆಯಾಗಿ ಬಂದವರು. ಅವರ ಕೈಯಲ್ಲಿ ಹಣವಿತ್ತು. ಕಂತುಗಳಲ್ಲಿ ಹಣ ಕೊಟ್ಟು ಸ್ವತಂತ್ರನಾಗುವ ಒಪ್ಪಂದ ಬರೆದುಕೊಡಿ ಎಂದು ಕೇಳಿದರು. ಅನಸ್ ಒಪ್ಪಲಿಲ್ಲ. ಸೀರೀನ್ ನೇರವಾಗಿ ಖಲೀಫ ಉಮರ್(ರ)ರ ಬಳಿಗೆ ಹೋದರು. ಉಮರ್ ಹೇಳಿದ ಮೇಲೂ ಅನಸ್ ಹಿಂದೇಟು ಹಾಕಿದಾಗ, ಉಮರ್(ರ) ಚಾಟಿಯಿಂದ ಹೊಡೆದು, ಇಂತಹ ಒಪ್ಪಂದ ಬರೆದುಕೊಡಬೇಕೆನ್ನುವ ಸೂರಃ ಅನ್ನೂರ್‌ನ ವಚನವನ್ನು ಓದಿದರು. ಅನಸ್ ಒಪ್ಪಂದ ಬರೆದುಕೊಟ್ಟರು. ಸೀರೀನ್ ಸ್ವತಂತ್ರರಾದರು.

ಈ ಘಟನೆಯ ಕಹಿ ಎರಡು ಮನೆಗಳ ನಡುವೆ ಉಳಿಯಬಹುದಿತ್ತು. ಆದರೆ ಉಳಿದದ್ದು ಬೇರೆಯೇ. ಸೀರೀನ್‌ರ ಮಗ ಮುಹಮ್ಮದ್ ಬಿನ್ ಸೀರೀನ್ ಬೆಳೆದು ಅನಸ್(ರ)ರ ಲಿಪಿಕಾರರಾದರು, ಅವರ ಶಿಷ್ಯರಾದರು, ಬಸರಾದ ಮಹಾ ವಿದ್ವಾಂಸರಾದರು. ಮಗಳು ಹಫ್ಸಾ ಬಿಂತ್ ಸೀರೀನ್ ಕೂಡ ಹೆಸರಾಂತ ಹದೀಸ್ ವರದಿಗಾರ್ತಿಯಾದರು. ಸತ್ಯದ ಮುಂದೆ ಬಾಗಿದ ಯಜಮಾನರ ಮನೆಯ ಬಾಗಿಲು, ಬಿಡುಗಡೆಗೊಂಡವರ ಮಕ್ಕಳಿಗೆ ಎಂದೂ ಮುಚ್ಚಲಿಲ್ಲ.

ದೀರ್ಘಾಯುಷ್ಯದ ಭಾರ

ಹಿರಿಯರಿಗೆ ದೀರ್ಘಾಯುಷ್ಯ ಸಿಗಲೆಂದು ನಾವು ದುಆ ಮಾಡುತ್ತೇವೆ. ಆ ಆಯುಷ್ಯವನ್ನು ಹೊರುವುದು ಎಷ್ಟು ಕಷ್ಟವೆಂದು ಯೋಚಿಸುವುದು ಕಡಿಮೆ.

ಇಪ್ಪತ್ತರ ವಯಸ್ಸಿನಲ್ಲಿ ಅನಸ್ ಪ್ರವಾದಿ(ಸ)ರನ್ನು ಕಳೆದುಕೊಂಡರು. ಪ್ರವಾದಿ(ಸ) ಬಂದ ದಿನ ಮದೀನಾದಲ್ಲಿ ಎಲ್ಲವೂ ಬೆಳಗಿತು, ಅಗಲಿದ ದಿನ ಎಲ್ಲವೂ ಕತ್ತಲಾಯಿತು ಎಂದು ಅವರು ಆ ದಿನಗಳನ್ನು ನೆನೆಯುತ್ತಿದ್ದರು. ಅನಂತರ ಸುಮಾರು ಎಂಬತ್ತು ವರ್ಷ ಅವರು ಬದುಕಬೇಕಿತ್ತು. ಸಹೋದರ ಬರಾ ಬಿನ್ ಮಾಲಿಕ್(ರ) ತುಸ್ತರ್ ಯುದ್ಧದಲ್ಲಿ ಹುತಾತ್ಮರಾದರು. ಹಿಜರಿ 61ರಲ್ಲಿ ಕರ್ಬಲಾ ನಡೆಯಿತು. ಹುಸೈನ್(ರ)ರ ಶಿರವನ್ನು ತಟ್ಟೆಯಲ್ಲಿಟ್ಟು ಉಬೈದುಲ್ಲಾ ಬಿನ್ ಝಿಯಾದ್‌ನ ಮುಂದೆ ತಂದಾಗ ಅನಸ್(ರ) ಅಲ್ಲಿದ್ದರು. ಆತ ಕೋಲಿನಿಂದ ಅದನ್ನು ಕೆದಕುತ್ತಾ ಮಾತಾಡಿದ. ಪ್ರವಾದಿ(ಸ)ರ ಕುಟುಂಬದಲ್ಲಿ ಅವರನ್ನು ಅತಿ ಹೆಚ್ಚು ಹೋಲುತ್ತಿದ್ದವರು ಹುಸೈನ್ ಎಂದು ಅನಸ್(ರ) ಸಾಕ್ಷಿ ನುಡಿದರು. ಆ ಮುಖವನ್ನೂ ಈ ಮುಖವನ್ನೂ ಕಂಡಿದ್ದ ಕಣ್ಣುಗಳು ಅವರವು.

ಹಿಜರಿ 69ರಲ್ಲಿ ಬಸರಾಕ್ಕೆ ಭೀಕರ ಪ್ಲೇಗ್ ಬಂತು. ಎಲ್ಲವನ್ನೂ ಗುಡಿಸಿಕೊಂಡು ಹೋಗುವುದು ಎಂಬ ಅರ್ಥದಲ್ಲಿ ಅರಬರು ಅದನ್ನು ತಾಊನುಲ್ ಜಾರಿಫ್ ಎಂದು ಕರೆದರು. ಆ ಒಂದು ಪಿಡುಗಿನಲ್ಲೇ ಅನಸ್(ರ)ರ ಎಪ್ಪತ್ತಕ್ಕೂ ಹೆಚ್ಚು, ಕೆಲವರ ಪ್ರಕಾರ ಎಂಬತ್ತಕ್ಕೂ ಹೆಚ್ಚು ಮಕ್ಕಳು ಮರಣಹೊಂದಿದರೆಂದು ಇತಿಹಾಸಕಾರರು ಬರೆದಿದ್ದಾರೆ. ಹಫ್ಸಾ ಬಿಂತ್ ಸೀರೀನ್‌ರ ಸಹೋದರ ಯಹ್ಯಾ ಪ್ಲೇಗಿನಿಂದ ತೀರಿಕೊಂಡಿದ್ದರು. ಅವರು ಯಾವುದರಿಂದ ತೀರಿಕೊಂಡರೆಂದು ಅನಸ್ ಕೇಳಿ ತಿಳಿದು, ಪ್ಲೇಗ್ ಪ್ರತಿಯೊಬ್ಬ ಮುಸ್ಲಿಮನಿಗೂ ಶಹಾದತ್ ಎಂಬ ಪ್ರವಾದಿ(ಸ)ರ ಬೋಧನೆಯನ್ನು ಹೇಳಿ ಸಮಾಧಾನಪಡಿಸಿದರು. ಲೆಕ್ಕವಿಲ್ಲದಷ್ಟು ಮಕ್ಕಳನ್ನು ಮಣ್ಣಿಗೊಪ್ಪಿಸಿದ ತಂದೆ ಹೀಗೆ ಇನ್ನೊಬ್ಬರನ್ನು ಸಂತೈಸಿದರು.

ಲೆಕ್ಕವಿಲ್ಲದಷ್ಟು ಎಂದೆವು. ನಿಜವಾಗಿ ಲೆಕ್ಕ ಇಟ್ಟವರು ಒಬ್ಬರಿದ್ದರು, ಮಗಳು ಉಮೈನಾ. ಹಿಜರಿ 75ರಲ್ಲಿ ಹಜ್ಜಾಜ್ ಬಸರಾಕ್ಕೆ ಬರುವ ಹೊತ್ತಿಗೆ ತನ್ನ ಸಂತಾನದಲ್ಲಿ 120ಕ್ಕೂ ಹೆಚ್ಚು ಮಂದಿಯನ್ನು ದಫನ ಮಾಡಲಾಗಿತ್ತೆಂದು ಮಗಳು ತಿಳಿಸಿದಳು ಎಂದು ಅನಸ್(ರ) ಹೇಳಿದ್ದು ಸಹೀಹ್ ಬುಖಾರಿಯಲ್ಲಿದೆ. ಗಮನಿಸಬೇಕಾದ ಸಂಗತಿಯೆಂದರೆ, ಈ ಸಂಖ್ಯೆಯನ್ನು ಅವರು ಹೇಳಿದ್ದು ದುಃಖ ತೋಡಿಕೊಳ್ಳಲು ಅಲ್ಲ. ಉಮ್ಮು ಸುಲೈಮ್‌ರ ಮನೆಯಲ್ಲಿ ನಡೆದ ಆ ದುಆದ ಘಟನೆಯನ್ನು ವಿವರಿಸುತ್ತಾ, ಅದನ್ನು ಅಲ್ಲಾಹನು ಸ್ವೀಕರಿಸಿದ್ದಕ್ಕೆ ಪುರಾವೆಯಾಗಿ ಹೇಳಿದರು. ಸಂತಾನ ಹೆಚ್ಚಿದ್ದರಿಂದಲೇ ಕಬರ್‌ಗಳೂ ಹೆಚ್ಚಿದವು. ಕೊಟ್ಟವನೂ ಅವನೇ, ಮರಳಿ ಕರೆದವನೂ ಅವನೇ. ಆ 120 ಮಂದಿ ಕಳೆದುಹೋದವರಲ್ಲ, ಮುಂದೆ ಕಳಿಸಲ್ಪಟ್ಟವರು ಎಂಬ ಈಮಾನ್ ಇಲ್ಲದೆ ಯಾವ ತಂದೆಗೂ ಹೀಗೆ ಮಾತಾಡಲು ಸಾಧ್ಯವಿಲ್ಲ.

ಅವಮಾನವೂ ತಪ್ಪಲಿಲ್ಲ. ಹಜ್ಜಾಜ್ ಸಹಾಬಿಗಳನ್ನು ಹೀನಾಯವಾಗಿ ಕಾಣುತ್ತಾ, ಅನಸ್(ರ)ರ ಕುತ್ತಿಗೆಗೆ ಮುದ್ರೆ ಹಾಕಿಸಿದನೆಂದು ತಬರೀ ದಾಖಲಿಸಿದ್ದಾರೆ. ಪ್ರವಾದಿ(ಸ) ಪ್ರೀತಿಯಿಂದ ಹಿಡಿದಿದ್ದ ಕತ್ತು ಅದು. ಹಜ್ಜಾಜ್‌ನ ದೌರ್ಜನ್ಯದ ಬಗ್ಗೆ ಜನರು ಬಂದು ದೂರಿದಾಗ ಅವರು ಸಹನೆ ವಹಿಸಲು ಹೇಳಿದರು. ಆದರೆ ಅನ್ಯಾಯವನ್ನು ಮುಚ್ಚಿಡಲಿಲ್ಲ. ಖಲೀಫ ಅಬ್ದುಲ್ ಮಲಿಕ್‌ಗೆ ಪತ್ರ ಬರೆದು ದೂರಿದರೆಂದೂ, ಖಲೀಫ ಹಜ್ಜಾಜ್‌ನನ್ನು ಕಟುವಾಗಿ ಖಂಡಿಸಿದನೆಂದೂ ಇತಿಹಾಸ ಗ್ರಂಥಗಳಲ್ಲಿದೆ.

ಇಷ್ಟೆಲ್ಲ ಸಹಿಸಿದವರು ಅತ್ತದ್ದು ಯಾವುದಕ್ಕೆ? ದಮಸ್ಕಸ್‌ನಲ್ಲಿ ಇಮಾಮ್ ಝುಹ್ರೀ ಅವರನ್ನು ಭೇಟಿಯಾದಾಗ ಅನಸ್(ರ) ಅಳುತ್ತಿದ್ದರು. ಕಾರಣ ಕೇಳಿದರೆ, ಪ್ರವಾದಿ(ಸ)ರ ಕಾಲದಲ್ಲಿ ಕಂಡದ್ದರಲ್ಲಿ ನಮಾಝ್ ಒಂದೇ ಉಳಿದಿತ್ತು, ಈಗ ಅದೂ ವ್ಯರ್ಥವಾಗುತ್ತಿದೆ ಎಂದರು. ಅಧಿಕಾರಿಗಳು ನಮಾಝನ್ನು ಸಮಯ ಮೀರಿಸಿ ನಡೆಸುತ್ತಿದ್ದ ಕಾಲವದು. ತನ್ನ ಕುತ್ತಿಗೆಯ ಮುದ್ರೆಗಿಂತ ನಮಾಝಿನ ವೇಳೆ ತಪ್ಪಿದ್ದು ಅವರನ್ನು ಹೆಚ್ಚು ನೋಯಿಸಿತು. ಹಾಗೆಂದು ಹೊಸ ಪೀಳಿಗೆಯನ್ನು ಬರೀ ಹಳಿಯುತ್ತಾ ಕುಳಿತವರೂ ಅವರಲ್ಲ. ಮದೀನಾದ ಯುವ ಗವರ್ನರ್ ಉಮರ್ ಬಿನ್ ಅಬ್ದುಲ್ ಅಝೀಝ್‌ರ ಹಿಂದೆ ನಮಾಝ್ ಮಾಡಿದಾಗ, ಪ್ರವಾದಿ(ಸ)ರ ನಮಾಝನ್ನು ಈ ಯುವಕನಷ್ಟು ಹೋಲುವ ನಮಾಝ್ ಬೇರೆ ಯಾರ ಹಿಂದೆಯೂ ಮಾಡಿಲ್ಲ ಎಂದು ಮನಸಾರೆ ಮೆಚ್ಚಿದರು.

ಕೊನೆಯ ದಿನಗಳು

ಶರೀರ ಕುಗ್ಗಿತು. ರಮಝಾನ್ ಉಪವಾಸ ಹಿಡಿಯಲಾಗದೆ ಹೋದಾಗ, ಒಂದೆರಡು ವರ್ಷ ದಿನಕ್ಕೊಬ್ಬ ಬಡವನಿಗೆ ರೊಟ್ಟಿ, ಮಾಂಸ ಉಣಿಸಿದರು. ಫಿದ್ಯಾದ ವಿಷಯ ಬಂದಾಗ ವಿದ್ವಾಂಸರು ಇಂದಿಗೂ ಅವರ ಈ ಮಾದರಿಯನ್ನು ಉದಾಹರಿಸುತ್ತಾರೆ. ಮುಪ್ಪಿನ ಅಶಕ್ತತೆಯೂ ಸಮುದಾಯಕ್ಕೆ ಪಾಠವಾಯಿತು.

ಮನೆಯಲ್ಲಿ ಕೆಲವು ವಸ್ತುಗಳನ್ನು ಅವರು ಜೋಪಾನವಾಗಿ ಇಟ್ಟಿದ್ದರು. ಪ್ರವಾದಿ(ಸ)ರ ಪಾದರಕ್ಷೆ, ಒಡೆದಾಗ ಬೆಳ್ಳಿಯಿಂದ ಜೋಡಿಸಿದ ಅವರ ಕುಡಿಯುವ ಬಟ್ಟಲು. ಬಟ್ಟಲಿನ ಕಬ್ಬಿಣದ ಬಳೆಯನ್ನು ತೆಗೆದು ಚಿನ್ನ ಅಥವಾ ಬೆಳ್ಳಿಯದನ್ನು ಹಾಕಿಸಲು ಅನಸ್ ಒಮ್ಮೆ ಯೋಚಿಸಿದ್ದರು. ಪ್ರವಾದಿ(ಸ) ಇಟ್ಟಿದ್ದನ್ನು ಬದಲಿಸಬೇಡ ಎಂದು ಅಬೂ ತಲ್ಹಾ(ರ) ತಡೆದರು. ಅದು ಹಾಗೆಯೇ ಉಳಿಯಿತು. ಅಮಾನತನ್ನು ಕಾಪಾಡುವುದೆಂದರೆ ಅದಕ್ಕೆ ನಮ್ಮ ಬೆಳ್ಳಿ ಬಂಗಾರ ಸೇರಿಸುವುದಲ್ಲ, ಸಿಕ್ಕಿದಂತೆಯೇ ಉಳಿಸುವುದು.

ಪ್ರವಾದಿ(ಸ) ಉಮ್ಮು ಸುಲೈಮ್‌ರ ಮನೆಯಲ್ಲಿ ಮಧ್ಯಾಹ್ನ ವಿಶ್ರಮಿಸುವಾಗ ಅವರ ಬೆವರನ್ನು ಆ ತಾಯಿ ಒಂದು ಶೀಷೆಯಲ್ಲಿ ಸಂಗ್ರಹಿಸಿ ಸುಗಂಧಕ್ಕೆ ಬೆರೆಸಿಟ್ಟಿದ್ದರು. ಮರಣ ಸಮೀಪಿಸಿದಾಗ, ತನ್ನ ಮಯ್ಯಿತ್ತಿಗೆ ಹಚ್ಚುವ ಸುಗಂಧದಲ್ಲಿ ಅದನ್ನು ಸೇರಿಸಬೇಕೆಂದು ಅನಸ್(ರ) ವಸಿಯ್ಯತ್ ಮಾಡಿದರು. ಹಾಗೆಯೇ ಮಾಡಲಾಯಿತೆಂದು ಮೊಮ್ಮಗ ಸುಮಾಮಾ ವರದಿ ಮಾಡಿದ್ದಾರೆ. ಮೈಯನ್ನು ಸ್ನಾನ ಮಾಡಿಸುವವರು ಮುಹಮ್ಮದ್ ಬಿನ್ ಸೀರೀನ್ ಆಗಬೇಕು ಎಂಬುದು ಇನ್ನೊಂದು ವಸಿಯ್ಯತ್. ಆದರೆ ಇಬ್ನು ಸೀರೀನ್ ಆಗ ಸಾಲದ ಕಾರಣದಿಂದ ಸೆರೆಮನೆಯಲ್ಲಿದ್ದರು. ಅನುಮತಿ ಪಡೆದು ಅವರನ್ನು ಹೊರಗೆ ಕರೆತರಲಾಯಿತು. ಸ್ನಾನ ಮಾಡಿಸಿ, ಕಫನ್ ತೊಡಿಸಿ, ಜನಾಝ ನಮಾಝ್ ಮುಗಿಸಿ, ತನ್ನ ಮನೆಗೂ ಹೋಗದೆ ನೇರವಾಗಿ ಸೆರೆಮನೆಗೆ ಹಿಂದಿರುಗಿದರು. ಕೊಟ್ಟ ಮಾತಿಗೆ ತಪ್ಪದಿರುವ ಪಾಠ ಆ ಶಿಷ್ಯರಲ್ಲಿ ಎಷ್ಟು ಆಳವಾಗಿ ಇಳಿದಿತ್ತೆಂದು ಇದರಿಂದ ತಿಳಿಯುತ್ತದೆ.

ಮನೆತನ ಉಳಿಸಿದ ಪತ್ರ

ಇನ್ನು ಪ್ರಶ್ನೆ, ಮಕ್ಕಳು ಏನನ್ನು ಪಡೆದುಕೊಂಡರು? ತೋಟದ ಪಾಲು ಹೇಗಾಯಿತೆಂದು ಇಂದು ಯಾರೂ ಕೇಳುವುದಿಲ್ಲ. ಆದರೆ ಒಂದು ಪತ್ರದ ಕಥೆ ಉಳಿದಿದೆ.

ಖಲೀಫ ಅಬೂಬಕರ್(ರ) ಯುವಕ ಅನಸ್‌ರನ್ನು ಝಕಾತ್ ಸಂಗ್ರಹಕ್ಕಾಗಿ ಬಹ್ರೈನ್ ಪ್ರದೇಶಕ್ಕೆ ಕಳಿಸಿದರು. ಜೊತೆಗೆ ಝಕಾತ್‌ನ ವಿವರಗಳಿರುವ ಪತ್ರ ಬರೆದುಕೊಟ್ಟರು. ಐದು ಒಂಟೆಗಳಿಗೆ ಒಂದು ಕುರಿ, ಮೇಯುವ 40ರಿಂದ 120 ಕುರಿಗಳಿಗೆ ಒಂದು ಕುರಿ, ಬೆಳ್ಳಿಯಲ್ಲಿ ನಲ್ವತ್ತರಲ್ಲೊಂದು ಭಾಗ ಎಂಬಿತ್ಯಾದಿ. ನಿಗದಿಗಿಂತ ಹೆಚ್ಚು ಕೇಳಿದರೆ ಕೊಡಬೇಕಾಗಿಲ್ಲ ಎಂಬ ನ್ಯಾಯದ ಮಾತೂ ಅದರಲ್ಲಿತ್ತು. ಪತ್ರಕ್ಕೆ ಪ್ರವಾದಿ(ಸ)ರ ಉಂಗುರದ ಮುದ್ರೆ ಒತ್ತಲಾಗಿತ್ತು. ಮುಹಮ್ಮದ್, ರಸೂಲ್, ಅಲ್ಲಾಹ್ ಎಂಬ ಮೂರು ಸಾಲುಗಳ ಮುದ್ರೆ. ಮುಂದೆ ಉಸ್ಮಾನ್(ರ)ರ ಕಾಲದಲ್ಲಿ ಆ ಉಂಗುರ ಅರೀಸ್ ಬಾವಿಗೆ ಬಿತ್ತು. ಮೂರು ದಿನ ಹುಡುಕಿ, ಬಾವಿಯ ನೀರನ್ನೆಲ್ಲ ಎತ್ತಿದರೂ ಸಿಗಲಿಲ್ಲ. ಉಂಗುರ ಹೋಯಿತು. ಅದರ ಮುದ್ರೆಯಿದ್ದ ಪತ್ರ ಅನಸ್(ರ)ರ ಮನೆಯಲ್ಲಿ ಉಳಿಯಿತು.

ಜ್ಞಾನವನ್ನು ಬರೆದು ಕಟ್ಟಿಹಾಕಿ ಎಂದು ಅನಸ್(ರ) ಮಕ್ಕಳಿಗೆ ಉಪದೇಶಿಸುತ್ತಿದ್ದರು. ಮಕ್ಕಳು ಕೇಳಿದರು. ಮಗ ಮೂಸಾ ಬಸರಾದ ಕಾಝಿಯಾದರು. ಮಗ ನಝ್ರ್ ಹದೀಸ್ ವರದಿಗಾರರಾದರು. ಮೊಮ್ಮಗ ಸುಮಾಮಾ ಬಿನ್ ಅಬ್ದುಲ್ಲಾ ಕೂಡ ಬಸರಾದ ಕಾಝಿಯಾಗಿದ್ದರು. ಅವರ ಬಳಿ ಆ ಪತ್ರವಿತ್ತು. ಹಮ್ಮಾದ್ ಬಿನ್ ಸಲಮಾ ಅದನ್ನು ಸುಮಾಮಾರಿಂದ ಪಡೆದ ವರದಿ ಅಬೂದಾವೂದ್‌ನಲ್ಲಿದೆ. ಸುಮಾಮಾರಿಂದ ಅದು ಅವರ ಸಹೋದರನ ಮಗ ಅಬ್ದುಲ್ಲಾ ಬಿನ್ ಮುಸನ್ನಾರಿಗೆ, ಅವರಿಂದ ಮಗ ಮುಹಮ್ಮದ್ ಬಿನ್ ಅಬ್ದುಲ್ಲಾ ಅಲ್ ಅನ್ಸಾರೀಯವರಿಗೆ ಬಂತು. ಬಸರಾದ ಕಾಝಿಯಾಗಿದ್ದ ಈ ಅನ್ಸಾರೀ ಹಿಜರಿ 215ರಲ್ಲಿ ನಿಧನರಾದರು. ಅವರ ಮುಂದೆ ಶಿಷ್ಯನಾಗಿ ಕುಳಿತವರು ಇಮಾಮ್ ಬುಖಾರಿ. ಹೀಗೆ ಅಜ್ಜನಿಂದ ಮೊಮ್ಮಗನಿಗೆ, ಅವರಿಂದ ಸಹೋದರನ ಮಗನಿಗೆ, ತಂದೆಯಿಂದ ಮಗನಿಗೆ ಒಂದೇ ಮನೆತನದೊಳಗೆ ಎರಡು ಶತಮಾನ ದಾಟಿ ಬಂದ ಆ ಪತ್ರದ ಒಕ್ಕಣೆಯನ್ನು ನಾವು ಇಂದು ಸಹೀಹ್ ಬುಖಾರಿಯ ಝಕಾತ್ ಅಧ್ಯಾಯದಲ್ಲಿ ಓದುತ್ತೇವೆ. ಕನ್ನಡ ನಾಡಿನ ಮದ್ರಸಾಗಳಲ್ಲಿ ಝಕಾತ್‌ನ ಪ್ರಮಾಣವನ್ನು ಕಲಿಸುವ ಉಸ್ತಾದರೂ ಆ ಮನೆತನಕ್ಕೆ ಋಣಿಗಳೇ.

ಇದು ಆಕಸ್ಮಿಕವಾಗಿ ಆದದ್ದಲ್ಲ. ಕೊಡುವ ಅಜ್ಜ ಇದ್ದರು, ಕೇಳುವ ಮೊಮ್ಮಕ್ಕಳೂ ಇದ್ದರು. ಎರಡರಲ್ಲಿ ಒಂದು ಇಲ್ಲದಿದ್ದರೂ ಆ ಪತ್ರ ಉಂಗುರದ ಹಾದಿಯನ್ನೇ ಹಿಡಿಯುತ್ತಿತ್ತು.

ನಮ್ಮ ಮನೆಯ ಹಿರಿಯರು

ಸಹೋದರ ಸಹೋದರಿಯರೇ, ನಮ್ಮ ಮನೆಯ ಹಿರಿಯರು ಸಹಾಬಿಗಳಲ್ಲ. ಆದರೆ ಅವರ ಬಳಿಯೂ ಅಮಾನತ್ ಇದೆ. ಕಷ್ಟದ ಕಾಲದಲ್ಲಿ ಹರಾಮಿಗೆ ಕೈಚಾಚದೆ ಮನೆ ನಡೆಸಿದ್ದು ಹೇಗೆ, ಮಸೀದಿ ಕಟ್ಟಲು ಯಾರು ಜಾಗ ಕೊಟ್ಟರು, ಯಾರಿಗೆ ಸಾಲ ಕೊಡಬೇಕಿದೆ, ಯಾವ ಸಂಬಂಧಿಕರೊಂದಿಗೆ ಮಾತು ಮುರಿದಿತ್ತು, ಹೇಗೆ ಮತ್ತೆ ಕೂಡಿತು. ಇದೆಲ್ಲ ಅವರ ನೆನಪಿನಲ್ಲಿ ಮಾತ್ರ ಇದೆ. ಅವರು ಹೊರಟ ಮೇಲೆ ಮೂರನೆಯ ದಿನ ಕುಳಿತು ನೆನಪಿಸಿಕೊಳ್ಳುವ ಬದಲು, ಇರುವಾಗಲೇ ಕೇಳಿ ಬರೆದಿಟ್ಟುಕೊಳ್ಳಬಾರದೇ? ಉಮೈನಾ ಮನೆಯವರ ಲೆಕ್ಕ ಇಟ್ಟಂತೆ, ಸುಮಾಮಾ ಪತ್ರವನ್ನು ಇಟ್ಟಂತೆ, ಪ್ರತಿ ಮನೆಯಲ್ಲೂ ಯಾರಾದರೊಬ್ಬರು ಈ ಹೊಣೆ ಹೊರಬೇಕು.

ಹಿರಿಯರಿಗೂ ಈ ಬದುಕಿನಲ್ಲಿ ಮಾದರಿಯಿದೆ. ಮಕ್ಕಳಿಗೆ ಮೊದಲು ಸಲಾಮ್ ಹೇಳುವುದು, ಖತ್ಮ್ ಆದಾಗ ಮನೆಮಂದಿಯನ್ನು ಕರೆದು ದುಆ ಮಾಡುವುದು, ತಪ್ಪಿದಾಗ ತಿದ್ದಿಕೊಳ್ಳುವುದು, ಕಿರಿಯರ ಒಳಿತನ್ನು ಬಾಯ್ತುಂಬ ಮೆಚ್ಚುವುದು, ಹೇಳಬಾರದ ಗುಟ್ಟನ್ನು ಕಬರಿನವರೆಗೆ ಕಾಪಾಡುವುದು. ಇದಕ್ಕೆ ಸಂಪತ್ತು ಬೇಕಿಲ್ಲ.

ಯಾರು ಯಾರನ್ನು ಪ್ರೀತಿಸುವರೋ ಪರಲೋಕದಲ್ಲಿ ಅವರ ಜೊತೆಗಿರುವರು ಎಂಬ ಪ್ರವಾದಿ(ಸ)ರ ಶುಭವಾರ್ತೆಯನ್ನು ನಮಗೆ ತಲುಪಿಸಿದವರು ಅನಸ್(ರ). ಇಸ್ಲಾಮಿನ ನಂತರ ತಮಗೆ ಅಷ್ಟು ಸಂತೋಷ ಕೊಟ್ಟ ಮಾತು ಬೇರೊಂದಿಲ್ಲ ಎಂದರು. ತನ್ನ ಕರ್ಮಗಳು ಪ್ರವಾದಿ(ಸ), ಅಬೂಬಕರ್(ರ), ಉಮರ್(ರ)ರ ಕರ್ಮಗಳಿಗೆ ಸಮವಲ್ಲದಿದ್ದರೂ, ಅವರನ್ನು ಪ್ರೀತಿಸುವುದರಿಂದ ಅವರ ಜೊತೆಗಿರುವ ನಿರೀಕ್ಷೆ ತನಗಿದೆ ಎಂದರು.

ಅಲ್ಲಾಹನು ನಮ್ಮ ಹಿರಿಯರ ಆಯುಷ್ಯದಲ್ಲಿ ಬರಕತ್ ನೀಡಲಿ, ಅಗಲಿದವರ ಕಬರ್‌ಗಳನ್ನು ಬೆಳಗಿಸಲಿ, ಅವರು ಒಪ್ಪಿಸಿದ ಅಮಾನತನ್ನು ಕಾಪಾಡುವ ಮಕ್ಕಳನ್ನಾಗಿ ನಮ್ಮನ್ನು ಮಾಡಲಿ. ಆಮೀನ್.